ಫೆಲ್ಸಿಯ ಬಿಡುಗಡೆ ಪತ್ರ

ಹದಿಮೂರು ವರ್ಷದ ಫೆಲ್ಸಿ ಸಿದ್ದಿಗೆ ಶಾಲೆಯ ನಾಟಕದಲ್ಲಿ ಸೇನಾಪತಿಯಾಗುವ ಆಸೆಯಿತ್ತು. ಸೇನಾಪತಿಯ ಮಾತನ್ನೆಲ್ಲ ಅವಳು ಸ್ಕೂಲ್ ಬಸ್ಸಿನಲ್ಲೇ ಬಾಯಿಪಾಠ ಮಾಡಿದ್ದಳು. ಆದರೆ ದುಬೈಯ ಆ ಅಮೆರಿಕನ್ ಸಿಲೆಬಸ್ ಶಾಲೆಯ ಡ್ರಾಮಾ ಮಿಸ್ ಅವಳನ್ನು ಕಂಡದ್ದೇ ತಡ, “ಈ ಪಾತ್ರ ನಿನಗೋಸ್ಕರವೇ ಹುಟ್ಟಿದ್ದು!” ಎಂದು ಚಪ್ಪಾಳೆ ತಟ್ಟಿದರು. ಇನ್ನೂರೈವತ್ತು ವರ್ಷಗಳ ಹಿಂದೆ, ಅಮೆರಿಕದವರು ಇಂಗ್ಲಿಷರ ಮೇಲೆ ಯುದ್ಧ ಹೂಡಿದ್ದಾಗ, ಬಾಸ್ಟನ್ನಿನ ವ್ಯಾಪಾರಿಯೊಬ್ಬನ ಮನೆಯಲ್ಲಿ ಗುಲಾಮಳಾಗಿದ್ದ ಕಪ್ಪು ಹುಡುಗಿಯ ಪಾತ್ರ ಅದು. ಹೆಸರು ಡೈನಾ.

ಡೈನಾಗೆ ಒಂದೇ ಒಂದು ಮಾತೂ ಇರಲಿಲ್ಲ. ನಾಟಕದುದ್ದಕ್ಕೂ ಕೆಂಪು ಕೋಟಿನ ಇಂಗ್ಲಿಷರೂ ನೀಲಿ ಕೋಟಿನ ಅಮೆರಿಕದವರೂ “ಸ್ವಾತಂತ್ರ್ಯ, ಸ್ವಾತಂತ್ರ್ಯ” ಎಂದು ಗಂಟಲು ಹರಿದುಕೊಳ್ಳುತ್ತಾರೆ, ಡೈನಾ ಇಬ್ಬರಿಗೂ ಕಾಫಿ ಕೊಡಬೇಕು. ನಮ್ಮ ಕಡೆ ಓಡಿ ಬಾ, ಬಿಡುಗಡೆ ಮಾಡುತ್ತೇವೆ ಎನ್ನುತ್ತಾರೆ ಇಂಗ್ಲಿಷರು. ನಮ್ಮ ಜೊತೆ ಇರು, ಗೆದ್ದಮೇಲೆ ನೋಡೋಣ ಎನ್ನುತ್ತಾರೆ ಅಮೆರಿಕದವರು. ಡೈನಾ ಟ್ರೇ ಹಿಡಿದುಕೊಂಡು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನೋಡಬೇಕು. ಕೊನೆಗೆ ವ್ಯಾಪಾರಿ ಬಿಡುಗಡೆ ಪತ್ರ ಓದುತ್ತಾನೆ, ಅವಳು ಆನಂದಬಾಷ್ಪ ಸುರಿಸುತ್ತಾಳೆ, ಪರದೆ ಬೀಳುತ್ತದೆ.

“ಒಂದೇ ಒಂದು ಮಾತು ಕೊಡಿ ಮಿಸ್,” ಎಂದು ಫೆಲ್ಸಿ ಒಂದು ತಿಂಗಳು ಬೆನ್ನು ಬಿದ್ದಳು.

“ಆ ಹುಡುಗಿ ಏನು ಹೇಳಿದಳೋ ಯಾರೂ ಬರೆದಿಟ್ಟಿಲ್ಲ. ನಾವಾಗಿ ಕಟ್ಟಿ ಹೇಳುವುದು ತಪ್ಪು,” ಎಂದರು ಮಿಸ್. ವ್ಯಾಪಾರಿಯ ಮಾತನ್ನೂ ಯಾರೂ ಬರೆದಿಟ್ಟಿರಲಿಲ್ಲ. ಅದನ್ನು ಮಾತ್ರ ಮಿಸ್ಸೇ ಹದಿನಾಲ್ಕು ಪುಟ ಬರೆದಿದ್ದರು. “ನಿನ್ನ ಪೂರ್ವಜರನ್ನು ನೆನೆದುಕೋ, ಅಳು ತಾನಾಗಿ ಬರುತ್ತದೆ,” ಎಂದೂ ಸಲಹೆ ಕೊಟ್ಟರು.

ಫೆಲ್ಸಿ ನೆನೆದುಕೊಂಡಳು. ಅವಳ ಅಜ್ಜಿ ಹಳಿಯಾಳದ ಹತ್ತಿರದ ಹಳ್ಳಿಯವಳು, ಬಸ್ಸಿನಲ್ಲಿ ಧಾರವಾಡ ದಾಟಿದವಳಲ್ಲ. ಅಜ್ಜಿಯ ಅಜ್ಜಿಯರನ್ನು ಯಾವುದೋ ಹಡಗು ಆಫ್ರಿಕದಿಂದ ಗೋವಾಕ್ಕೆ ತಂದು ಇಳಿಸಿತ್ತಂತೆ, ಅಲ್ಲಿಂದ ಅವರು ಕಾಡು ಹಿಡಿದು ಓಡಿ ಬಂದರಂತೆ. ಅವರಿಗೆ ಯಾರೂ ಪತ್ರ ಓದಿರಲಿಲ್ಲ. ಫೆಲ್ಸಿಗೆ ಅಳು ಬರುವ ಬದಲು ಸಿಟ್ಟು ಬಂತು.

ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ಕತೆ ಹೇಳಿದಳು. ಅಪ್ಪ ಡ್ಯಾನಿಯಲ್ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಹದಿನಾರು ವರ್ಷದಿಂದ ಗೇರ್‌ಬಾಕ್ಸ್ ಬಿಚ್ಚುವವನು. ಅಮ್ಮ ಅದೇ ಶಾಲೆಯ ಬಸ್ಸಿನಲ್ಲಿ ಆಯಾ ಆದ್ದರಿಂದ ಮಗಳಿಗೆ ಅಲ್ಲಿ ಸೀಟು. ಡ್ಯಾನಿಯಲ್ ಯುದ್ಧದ ಕತೆಯನ್ನೆಲ್ಲ ಕೇಳಿ, ಕೊನೆಗೆ ತುತ್ತು ಕೆಳಗಿಟ್ಟ.

“ಮಾಲೀಕ ಹೋಗು ಅಂದ್ರ ಆತೇನ? ಖರೇ ರಿಲೀಸ್ ಪೇಪರ್ ಎಲ್ಲೈತಿ? ನಾಳೆ ಅವನೇ ಓಡಿಹೋದ್ಳು ಅಂತ ಅಬ್‌ಸ್ಕಾಂಡಿಂಗ್ ಕೇಸ್ ಹಾಕಿದ್ರ?”

“ಪಪ್ಪಾ, ಇಟ್ಸ್ ಜಸ್ಟ್ ಎ ಪ್ಲೇ!”

“ಪ್ಲೇ ಇರ್ಲಿ. ಕಾಗದ ಪಕ್ಕಾ ಇರಬೇಕು.”

ಮಾಲೀಕನ ಕಾಗದವಿಲ್ಲದೆ ಕೆಲಸ ಬದಲಿಸುವಂತಿಲ್ಲ ಎಂಬ ಅಲ್ಲಿಯ ಕಾನೂನು ಈಗೇನೋ ಸಡಿಲವಾಗಿದೆ ಎನ್ನುತ್ತಾರೆ. ಆದರೆ ಡ್ಯಾನಿಯಲ್‌ನ ಮೊದಲ ಮಾಲೀಕ ಅಂಥದೊಂದು ಕಾಗದಕ್ಕೆ ಎರಡು ವರ್ಷ ಅಲೆಸಿದ್ದ, ಆ ಹೆದರಿಕೆ ಅವನ ಮೈಯಿಂದ ಇಳಿದಿರಲಿಲ್ಲ, ಪಾಪ. ಮರುದಿನವೇ ಅವನು ದೇರಾದ ಟೈಪಿಂಗ್ ಸೆಂಟರಿಗೆ ಹೋದ. ಅಲ್ಲಿ ಅರ್ಜಿ ಟೈಪ್ ಮಾಡುವ ಪುತ್ತೂರಿನ ಅಬ್ದುಲ್ ರವೂಫ್ ಕಂಪ್ಯೂಟರಿನಲ್ಲಿ ಫಾರ್ಮ್ ತೆರೆದ.

“ನೇಮ್?”

“ಡೈನಾ.”

“ನ್ಯಾಷನಾಲಿಟಿ?”

ಡ್ಯಾನಿಯಲ್ ತಲೆ ಕೆರೆದುಕೊಂಡ. ಅಮೆರಿಕ ಎನ್ನೋಣವೆಂದರೆ ಆ ದೇಶ ಇನ್ನೂ ಹುಟ್ಟಿರಲಿಲ್ಲ. ಅದಕ್ಕಾಗಿಯೇ ಯುದ್ಧ ನಡೆದಿತ್ತು.

“ಅಂಡರ್ ಪ್ರೊಸೆಸ್ ಅಂತ ಹಾಕುವ ಮಾರಾಯ್ರೆ,” ಎಂದ ರವೂಫ್. “ಪ್ರೊಫೆಷನ್ ಹೌಸ್‌ಮೇಡ್. ಸೀಲ್ ಉಂಟಾ? ಸೀಲ್ ಇಲ್ಲದಿದ್ದರೆ ಮಾಫಿ ಫಾಯ್ದಾ, ಎಂತ ಪ್ರಯೋಜನವೂ ಇಲ್ಲ, ಯಾರೂ ನಂಬುದಿಲ್ಲ.”

ಬಾಸ್ಟನ್ ವ್ಯಾಪಾರಿಯ ಹೆಸರಿನಲ್ಲಿ ದುಂಡನೆಯ ನೀಲಿ ಸೀಲೂ ತಯಾರಾಯಿತು. ಇಂಗ್ಲಿಷಿನಲ್ಲೊಂದು ಪುಟ, ಅರಬ್ಬಿಯಲ್ಲೊಂದು ಪುಟ. ಫೆಲ್ಸಿ ಒಯ್ದು ಕೊಟ್ಟಾಗ ಡ್ರಾಮಾ ಮಿಸ್ ಸೀಲು ನೋಡಿಯೇ “ಎಷ್ಟು ನೈಜ!” ಎಂದು ಮರುಳಾಗಿ, ಓದುವ ಗೋಜಿಗೆ ಹೋಗದೆ ಅದನ್ನು ಅಭಿಜೀತನ ಕೈಗೆ ಕೊಟ್ಟರು. ವ್ಯಾಪಾರಿಯ ಪಾತ್ರ ಹುಬ್ಬಳ್ಳಿಯ ಇಂಜಿನಿಯರೊಬ್ಬರ ಮಗನಾದ ಈ ಅಭಿಜೀತನದು. ಪತ್ರವನ್ನು ನೋಡಿಕೊಂಡೇ ಓದಬಹುದೆಂದು ತಿಳಿದ ಹುಡುಗ ಕೊನೆಯ ಪುಟವನ್ನು ಬಾಯಿಪಾಠ ಮಾಡುವುದನ್ನೇ ಬಿಟ್ಟ.

ನಾಟಕದ ದಿನ ಹಾಲ್ ಕಿಕ್ಕಿರಿದಿತ್ತು. ಹೊಗೆ ಬಿಡಲು ಅನುಮತಿ ಸಿಗದೆ, ಯಾರದೋ ಮನೆಯ, ನೀರಿನ ಹಬೆ ಚಿಮ್ಮಿಸುವ ಹ್ಯೂಮಿಡಿಫೈಯರ್ ಇಟ್ಟು ಯುದ್ಧ ಮುಗಿಸಿದರು. ಗುಂಡೇಟು ತಿಂದು ಸತ್ತವರು ಒದ್ದೆಯಾದ ಕೋಟು ಹಿಂಡಿಕೊಳ್ಳುತ್ತ ಒಳಗೆ ಹೋದರು. ಟ್ರೇ ಹಿಡಿದ ಫೆಲ್ಸಿಯ ಕೈ ಸೋತಿತ್ತು. ಅಭಿಜೀತ ಗಂಟಲು ಸರಿಮಾಡಿಕೊಂಡು ಪತ್ರ ಬಿಚ್ಚಿ, ಇಂಗ್ಲಿಷಿನಲ್ಲಿ ಇದ್ದದ್ದು ಇದ್ದ ಹಾಗೆ ಓದತೊಡಗಿದ.

“ಸಂಬಂಧಪಟ್ಟವರಿಗೆಲ್ಲ. ಮೇಲ್ಕಂಡ ಕಾರ್ಮಿಕಳು ಬೇರೆಡೆಗೆ ಹೋಗಲು ನಮ್ಮ ಆಕ್ಷೇಪಣೆ ಇರುವುದಿಲ್ಲ. ನ್ಯಾಷನಾಲಿಟಿ, ಅಂಡರ್ ಪ್ರೊಸೆಸ್.”

ಮಿಸ್ ಕಣ್ಣು ಕಣ್ಣು ಬಿಟ್ಟರು. ಹಾಲಿನಲ್ಲಿದ್ದ, ಇಂಥ ಕಾಗದ ಕಂಡು ಗೊತ್ತಿದ್ದ ಅಪ್ಪಂದಿರು ಮಾತ್ರ ನಗದೆ ನೆಟ್ಟಗೆ ಕುಳಿತು ಕೇಳಿದರು. ಯುದ್ಧ ನಡೆದಾಗ ಫೋನ್ ನೋಡುತ್ತಿದ್ದವರೂ ಫೋನ್ ಜೇಬಿಗಿಟ್ಟರು.

“ಭಾಗ ಎರಡು,” ಎಂದು ಓದಿದ ಅಭಿಜೀತ. “ಕಾರ್ಮಿಕಳ ಹೇಳಿಕೆ. ಇದನ್ನು ಕಾರ್ಮಿಕಳೇ ಓದಿ ಸಹಿ ಮಾಡತಕ್ಕದ್ದು.” ವಿಧೇಯ ಹುಡುಗ, ಪತ್ರವನ್ನು ಫೆಲ್ಸಿಯ ಕಡೆ ಚಾಚಿ, “ಇದು ನಿಂದೈತಿ, ನೀನೇ ಓದಬೇಕಂತ,” ಎಂದು ಪಿಸುಗುಟ್ಟಿದ.

ಫೆಲ್ಸಿ ಟ್ರೇ ಕೆಳಗಿಟ್ಟು ಪತ್ರ ತೆಗೆದುಕೊಂಡಳು. ತಿಂಗಳಿಡೀ ಬೇಡಿದ ಮಾತು ಕೊನೆಗೂ ಸಿಕ್ಕಿತ್ತು. ರವೂಫನ ಫಾರ್ಮಿನಲ್ಲಿ ಎಲ್ಲರಿಗೂ ಇರುವ ಮಾತೇ ಅದು: ‘ಮಾಲೀಕರ ಮೇಲೆ ನನ್ನದು ಯಾವ ದೂರೂ ಇಲ್ಲ.’ ಪರದೆಯ ಬದಿಯಿಂದ ಮಿಸ್, ಅಳು, ಅಳು ಎಂದು ಕೈಸನ್ನೆ ಮಾಡುತ್ತಿದ್ದರು. ಮೂರನೆಯ ಸಾಲಿನಲ್ಲಿ ಅಪ್ಪನ ತುಟಿ ಅಲುಗಾಡುತ್ತಿತ್ತು. ಆ ವಾಕ್ಯಕ್ಕೆ ಅವನೂ ಒಮ್ಮೆ ಸಹಿ ಹಾಕಿದ್ದ, ಅದು ಅವನಿಗೆ ಬಾಯಿಗೇ ಬರುತ್ತಿತ್ತು. ಫೆಲ್ಸಿ ಅದನ್ನು ಕಂಡಳು.

ಅವಳು ಪತ್ರವನ್ನು ಮಡಚಿದಳು.

“ದೂರು ಇದೆ,” ಎಂದಳು.

ಮುಂದೇನೆಂದು ಯಾವ ಪುಟದಲ್ಲೂ ಬರೆದಿರಲಿಲ್ಲ. ಗಾಬರಿಬಿದ್ದ ಬಾಸ್ಟನ್ ವ್ಯಾಪಾರಿ ಹುಬ್ಬಳ್ಳಿಯ ಕನ್ನಡದಲ್ಲೇ, “ಏನ್ ದೂರು ಐತಿ?” ಎಂದು ಕೇಳಿಬಿಟ್ಟ.

ಫೆಲ್ಸಿ ವ್ಯಾಪಾರಿಯ ಕುರ್ಚಿಯನ್ನು ಎಳೆದುಕೊಂಡು ಕುಳಿತಳು.

“ಮೊದಲನೆಯದು,” ಎಂದಳು, “ನನ್ನ ಹೆಸರು ಡೈನಾ ಅಲ್ಲ. ಅದು ನೀವು ಇಟ್ಟದ್ದು.”