ಆರನೇ ಮಷಿನ್ನಿನ ಸರಾಸರಿ

ನಮ್ಮಕ್ಕ ಕೂತು ಊಟ ಮಾಡಿದ್ದನ್ನು ನಾನು ನೋಡಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗುತ್ತಲೇ ತಿಂದು ಮುಗಿಸುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಮ್ಮ ಬೈಯುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಅವಳ ಕೆಲಸವೂ ಅದಕ್ಕೆ ತಕ್ಕದ್ದೇ: ಕೊರಳಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಹೊಲಿಯುವವರ ಬೆನ್ನ ಹಿಂದೆ ಸುಳಿದಾಡುತ್ತ, ಒಂದು ಕಾಲರ್‌ಗೆ ಎಷ್ಟು ಸೆಕೆಂಡು ಎಂದು ನೋಡುವುದು. ಎಲ್ಲರೂ ಅವಳನ್ನು ‘ಗಡಿಯಾರ’ ಎನ್ನುತ್ತಾರೆ. ಮನೆಯಲ್ಲೂ ಬಿಡುವುದಿಲ್ಲ, ನಾನು ಸ್ನಾನಕ್ಕೆ ಹೋದರೆ ಹೊರಗಿನಿಂದ ನಿಮಿಷ ಕೂಗುತ್ತಾಳೆ.

ಕಾಲರ್ ಸಾಲಿನಲ್ಲಿ ನಾವು ಐದು ಜನ. ನಾನು, ನನ್ನ ಪಕ್ಕ ನಮ್ಮ ಚಿಕ್ಕಮ್ಮ, ಆಚೆ ಇನ್ನು ಮೂವರು. ಆರನೇ ಮಷಿನ್ ಖಾಲಿ ಬಿದ್ದಿತ್ತು. ಚಿಕ್ಕಮ್ಮನ ಎರಡೂ ಕಣ್ಣಿಗೆ ಪೊರೆ, ಮುಂದಿನ ವಾರ ಆಪರೇಷನ್. ಅಲ್ಲಿಯವರೆಗೆ ಸೂಜಿಯನ್ನು ಬೆರಳಲ್ಲೇ ತಡಕಾಡಿಕೊಂಡು ಹೊಲಿಯುತ್ತಿದ್ದಳು.

ಅಷ್ಟರಲ್ಲಿ ಹೊಸ ನಿಯಮ ಬಂತು. ತಿಂಗಳಿಗೊಮ್ಮೆ ಸಾಲಿನ ಸರಾಸರಿ ತೆಗೆಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡವರು ಕೆಳಗಿನ ಪ್ಯಾಕಿಂಗ್ ಹಾಲಿಗೆ ಹೋಗಬೇಕು. ಅಲ್ಲಿ ದಿನವಿಡೀ ನಿಂತೇ ಕೆಲಸ, ಹೋದವರನ್ನು ಮತ್ತೆ ಮೇಲೆ ಕರೆಯುವುದಿಲ್ಲ. ಚಿಕ್ಕಮ್ಮನ ಮಂಡಿಗೆ ಅದು ಆಗದ ಮಾತು. ಅವಳಿಗೆ ಕೆಲಸವೇ ಹೋದಂತೆ.

ತಿಂಗಳ ಕೊನೆಯ ಬೆಳಿಗ್ಗೆ ಅಕ್ಕ ನಮ್ಮೆಲ್ಲರ ಸಮಯ ಹಿಡಿದಳು. ಆ ಮೂವರದು ನಲವತ್ತು, ನಲವತ್ತೆರಡು, ನಲವತ್ನಾಲ್ಕು. ನನ್ನದು ನಲವತ್ತಾರು. ಚಿಕ್ಕಮ್ಮನದು ಎಪ್ಪತ್ತೆಂಟು. ಒಟ್ಟು ಇನ್ನೂರೈವತ್ತು, ಐದರಿಂದ ಭಾಗಿಸಿದರೆ ಐವತ್ತು. ಚೋದ್ಯ ನೋಡಿ, ಐವತ್ತು ಸೆಕೆಂಡಿಗೆ ಹೊಲಿಯುವವಳು ನಮ್ಮಲ್ಲಿ ಒಬ್ಬಳೂ ಇಲ್ಲ.

ಅಕ್ಕ ಮ್ಯಾನೇಜರ್ ಮುಂದೆ ನಿಂತು ವಾಚಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು.

“ಸಾರ್, ಅವರಿಗೆ ಕಣ್ಣು ಕಾಣ್ತಿಲ್ಲ. ಇದೊಂದು ತಿಂಗಳು ಲೆಕ್ಕದಿಂದ ಬಿಟ್ಬಿಡಿ.”

“ಸಾಲಲ್ಲಿ ಕೂತೋರೆಲ್ಲ ಲೆಕ್ಕಕ್ಕೆ ಬರ್ತಾರಮ್ಮ. ಸಂಜೆ ಒಳಗೆ ಅವರನ್ನ ಕೆಳಗೆ ಕಳಿಸು.”

ಟೀ ಹೊತ್ತಿನಲ್ಲಿ, ನಮ್ಮ ಸಾಲಿನಲ್ಲೇ ಚುರುಕಾಗಿದ್ದ ‘ಮಿಂಚು’ ಮೆಲ್ಲಗೆ ಅಂದಳು, “ಬೇಜಾರಾಗ್ಬೇಡ ಗಡಿಯಾರಕ್ಕ. ಅವರು ಹೋದ್ರೆ ನಮ್ಮ ಸಾಲಿಗೆ ಒಳ್ಳೇದೇ ಅಲ್ವಾ?”

ಅಕ್ಕ ಗುಂಡಿಯ ಡಬ್ಬಿ ಬೋರಲು ಹಾಕಿ ಐದು ಗುಡ್ಡೆ ಮಾಡಿದಳು, ಒಬ್ಬೊಬ್ಬರ ಸೆಕೆಂಡಿಗೆ ಒಂದೊಂದು ಗುಡ್ಡೆ. ಒಂದೊಂದಾಗಿ ಎಣಿಸುವಷ್ಟು ತಾಳ್ಮೆ ಅವಳಿಗೆಲ್ಲಿಯದು, ಎಲ್ಲ ಅಂದಾಜು. ಚಿಕ್ಕಮ್ಮನ ಗುಡ್ಡೆಯಿಂದ ತೆಗೆದು ಉಳಿದ ನಾಲ್ಕಕ್ಕೂ ಹಂಚಿ ಐದನ್ನೂ ಸಮ ಮಾಡಿದಳು. “ಇದು ಐವತ್ತು. ಅವಳ ದೊಡ್ಡ ಗುಡ್ಡೆಯಿಂದ ನಿಮಗೆಲ್ಲ ಇಷ್ಟು ಸಲೀಸು. ಅವಳನ್ನ ತೆಗೀರಿ, ನಾಲ್ಕು ಜನರ ಸರಾಸರಿ ನಲವತ್ಮೂರು.” ನನ್ನ ಕಡೆ ನೋಡಿದಳು. “ಇವಳದ್ದು ನಲವತ್ತಾರು. ಮುಂದಿನ ತಿಂಗಳು ಇವಳು ಹೊರಗೆ, ನಲವತ್ನಾಲ್ಕರವಳೂ ಹೊರಗೆ. ಹಿಂಗೇ ಹೋಗ್ತಾ ಹೋಗ್ತಾ ಕೊನೇಲಿ ಒಬ್ಬಳು ಉಳೀತಾಳೆ. ಅವಳೇ ಸಾಲು, ಅವಳೇ ಸರಾಸರಿ.”

ಯಾರೂ ಟೀ ಕುಡಿಯಲಿಲ್ಲ. ಅಕ್ಕ ಕಿಟಕಿಗೂ ಮೆಟ್ಟಿಲಿಗೂ ನಡುವೆ ಶತಪಥ ಹಾಕುತ್ತ, ಬೆರಳು ಮಡಚಿ ಏನೋ ಲೆಕ್ಕ ಮಾಡುತ್ತಿದ್ದಳು. ಆಮೇಲೆ ಸೀದಾ ಮ್ಯಾನೇಜರ್ ಹತ್ತಿರ ಹೋಗಿ ಕೊರಳಿನ ವಾಚ್ ತೆಗೆದುಕೊಟ್ಟಳು.

“ಆರನೇ ಮಷಿನ್‌ಗೆ ಕೂತ್ಕೋ ಅಂತ ಹೇಳ್ತಾನೇ ಇದ್ರಲ್ಲ ಸಾರ್. ಇವತ್ತಿಂದ ಕೂರ್ತೀನಿ. ನನ್ನ ಟೈಮನ್ನೂ ಸೇರಿಸ್ಕೊಳ್ಳಿ.”

ಅವರಿಗೆ ಖುಷಿಯೋ ಖುಷಿ. ವಾಚ್ ಹಿಡಿಯುವ ಮೊದಲು ಅಕ್ಕನದು ಒಳ್ಳೆಯ ಕೈ ಎಂದು ಅವರು ಕೇಳಿದ್ದರು. ತಾವೇ ಬಂದು ಹಿಂದೆ ನಿಂತು ವಾಚ್ ಒತ್ತಿದರು.

ಅಕ್ಕ ಬಟ್ಟೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಒಂದು ಹೊಲಿಗೆ ಹಾಕಿ ನಿಲ್ಲಿಸಿದಳು. ಪೆಡಲ್ ಒತ್ತಲು ಕಾಲು ತುಡಿಯುತ್ತಿತ್ತು. ಆ ಕಾಲನ್ನು ಅವಳು ಹೇಗೆ ತಡೆದುಕೊಂಡಳೋ ನನಗಿನ್ನೂ ಗೊತ್ತಿಲ್ಲ. ನೋಡಲಾಗದೆ ನಾನು ತಲೆ ತಗ್ಗಿಸಿದೆ. ಅವಳು ದಾರ ಕತ್ತರಿಸಿದಾಗ ಇನ್ನೂರ ಇಪ್ಪತ್ತು ಸೆಕೆಂಡು ಆಗಿತ್ತು.

ಮ್ಯಾನೇಜರ್ ಎರಡು ಸಲ ಕೂಡಿದರು. ನಾನೂರ ಎಪ್ಪತ್ತು, ಆರರಿಂದ ಭಾಗಿಸಿದರೆ ಚಿಕ್ಕಮ್ಮನ ಎಪ್ಪತ್ತೆಂಟರ ಮೇಲೆ ಒಂಚೂರು. ಅವರು ಅಕ್ಕನನ್ನೇ ನೋಡಿದರು.

“ಇದೇನಮ್ಮ ಇದು?”

“ಕೈಗೆ ರೂಢಿ ತಪ್ಪಿಹೋಗಿದೆ ಸಾರ್. ಸಾಲಲ್ಲಿ ಕೂತೋರೆಲ್ಲ ಲೆಕ್ಕಕ್ಕೆ ಅಂದ್ರಲ್ಲ.”

“ಹಂಗಾದ್ರೆ ಕೆಳಗೆ ಹೋಗೋಳು ನೀನೊಬ್ಬಳೇ. ಆಮೇಲೆ ವಾಚ್ ವಾಪಸ್ ಕೇಳ್ಬೇಡ.”

ಅಕ್ಕ ಟಿಫನ್ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದಳು. ದಿನವಿಡೀ ಒಂದೇ ಮೇಜಿನ ಮುಂದೆ ನಿಂತ ಜಾಗದಲ್ಲೇ ನಿಲ್ಲುವ ಕೆಲಸಕ್ಕೆ, ನಮ್ಮಕ್ಕ. ನನಗೆ ಅಳು ಬಂತು. ಚಿಕ್ಕಮ್ಮನಿಗೆ ಏನೂ ಕಂಡಿರಲಾರದು, ಪೊರೆ ಬಂದ ಕಣ್ಣು, ಅಂದುಕೊಂಡೆ. ಅವಳು ಎದ್ದುಹೋಗಿ ಆರನೇ ಮಷಿನ್ನಿನ ಮೇಲಿದ್ದ ಕಾಲರನ್ನು ತಂದು ಅಂಚಿನುದ್ದಕ್ಕೂ ಬೆರಳಾಡಿಸಿದಳು.

“ಒಂದು ಹೊಲಿಗೆನೂ ಸೊಟ್ಟ ಇಲ್ಲ ಕಣೇ,” ಎಂದಳು. “ಅವಳಿಗೆ ಹೊಲಿಯೋದು ಕಲಿಸಿದ್ದು ನಾನು. ಇಷ್ಟು ನಿಧಾನ ಮಾಡೋದನ್ನ ನಾನು ಕಲಿಸಿರ್ಲಿಲ್ಲ.”