ರಿಂಗಿನ ಕಂಬಕ್ಕೆ ಕಟ್ಟಿದ ಜೋಲಿ

ಗೆಳತಿಯರೇ, ನಾನು ಆಡಿ ಬೆಳೆದ ರಾಣೆಬೆನ್ನೂರಿನ ಕಾಲೇಜಿನಲ್ಲೇ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಇವತ್ತಿನಿಂದ ನಾನು ಸಹಾಯಕ ಕೋಚ್! ನಿನ್ನೆ ರಾತ್ರಿಯಿಡೀ ನನ್ನ ಕೂಸೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಬೆಳಿಗ್ಗೆ ಮೈದಾನಕ್ಕೆ ಜೊತೆಗೆ ಬಂದ ಅತ್ತೆ ಸುತ್ತ ನೋಡಿದರು, ಒಂದು ಮರವಿಲ್ಲ. ರಿಂಗಿನ ಕಂಬದ ಹಿಂಬದಿಯ ಕಬ್ಬಿಣಕ್ಕೇ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿಬಿಟ್ಟರು.

ಹಿರಿಯ ಕೋಚ್ ಸರ್ ಬಂದವರೇ, "ಇದೇನ್ರೀ, ಆಟದ ಮೈದಾನೋ, ಬಾಣಂತಿ ಖೋಲಿನೋ? ನಾಳಿಂದ ನೀವ್ ಬರೂದು ಬ್ಯಾಡ" ಎಂದರು.

ಅತ್ತೆ ಸೆರಗು ಸಿಕ್ಕಿಸಿ ತಂಡದತ್ತ ತಿರುಗಿದರು. "ಏ ಹುಡಿಗ್ಯಾರ, ಚೆಂಡು ರಿಂಗಿನ ಹಿಂದಿನ ಹಲಗಿಗೆ ಬಡೀತಂದ್ರ ಕಂಬ ಅಳ್ಳಾಡತೈತಿ, ಕೂಸು ಏಳತೈತಿ. ಎದ್ರ ನೀವ ತೂಗಬೇಕು ನೋಡ್ರಿ!"

ಮುಂದೆ ಒಂದು ತಾಸು ಹುಡುಗಿಯರು ಉಸಿರು ಬಿಗಿಹಿಡಿದು ಎಸೆದರು. ಚೆಂಡು ಹಲಗೆ ಮುಟ್ಟದೆ ನೇರ ಬಲೆಯೊಳಗೆ ಇಳಿಯತೊಡಗಿತು. ಸರ್ ಬಾಯಿಂದ ಸೀಟಿ ತೆಗೆದು, ಪಿಸುದನಿಯಲ್ಲಿ ನನಗೆ ಹೇಳಿದರು: "ನಾಳೆ ಬರೂವಾಗ ಕೂಸಿನ್ನ ಮರೀಬ್ಯಾಡ್ರಿ ಮತ್ತ."

ನೇಮಕದ ಆರ್ಡರ್ ನನ್ನ ಹೆಸರಿನಲ್ಲಿದೆ. ಕೋಚಿಂಗ್ ಮಾಡಿದ್ದು ಅತ್ತೆ, ಸಹಾಯ ಮಾಡಿದ್ದು ಕೂಸು, ಅದೂ ನಿದ್ದೆಯಲ್ಲೇ!