ಒಂದು ಚಹಾವನ್ನು ಇಬ್ಬರಿಗೆ ಹಂಚುತ್ತಿದ್ದ ದಾದಾಪೀರ್ ಭಾಯ್

ಇಲ್ಲ... ಇನ್ನೂ ನಂಬಲಾಗುತ್ತಿಲ್ಲ.

ಬೆಳಿಗ್ಗೆ ಖಾಸಿಂನ ಫೋನ್.
"ಸರ್ರ... ಅಪ್ಪ ಹೋಗಿಬಿಟ್ಟ ರೀ..."
"ಯಾರ ಅಪ್ಪ?" ಎಂದು ಕೇಳಿಬಿಟ್ಟೆ. ಆ ಹುಡುಗನ ದನಿ ಮೂವತ್ತು ವರ್ಷದಿಂದ ಗೊತ್ತಿದ್ದರೂ.

ನಮ್ಮ ಗಾಂಧಿನಗರದ ಟೈಲರ್ ದಾದಾಪೀರ್ ಭಾಯ್ ಇನ್ನಿಲ್ಲ.
ಮಧ್ಯಾಹ್ನದ ನಮಾಜಿನ ನಂತರ ಅವರ ಹುಟ್ಟೂರು ಹಚ್ಚೊಳ್ಳಿಯಲ್ಲಿ ಮಣ್ಣು ಕೊಟ್ಟು ಬಂದೆವು.
ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ...

ಬೆಳಿಗ್ಗೆಯಿಂದ ಎಲ್ಲರ ಸ್ಟೇಟಸ್‌ನಲ್ಲೂ ಅವರ ಫೋಟೊ. ಕೆಳಗೆ ಮೂರು ಇಂಗ್ಲಿಷ್ ಅಕ್ಷರ.
ವರ್ಷಗಟ್ಟಲೆ ಅವರ ಚಹಾ ಕುಡಿದವರಿಗೆ ಮೂರು ಅಕ್ಷರ ಸಾಕಾಯಿತೆ? ಎರಡು ಸಾಲು ಬರೆದರೆ ಬೆರಳು ನೋಯುತ್ತಿದ್ದವೆ?

ಇರಲಿ.
ಇವತ್ತು ಬೇರೆಯವರ ಮೇಲೆ ಸಿಟ್ಟಾಗುವ ಹಕ್ಕು ನನಗಿಲ್ಲ. ಯಾಕೆ ಇಲ್ಲ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಂಗಡಿಗೆ ಯಾರೇ ಬರಲಿ, ಭಾಯ್ ಒಂದೇ ಚಹಾ ತರಿಸುತ್ತಿದ್ದರು. ತಾವೇ ಎರಡು ಗ್ಲಾಸಿಗೆ ಹಾಕುತ್ತಿದ್ದರು. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಅದನ್ನು ಕುಡಿದ ಮೇಲೆಯೇ ಟೇಪು ಕೈಗೆ ಬರುತ್ತಿದ್ದುದು.
"ಜಿಪುಣತನ ಅಲ್ಲೇನು ಭಾಯ್ ಇದು?" ಎಂದು ಒಮ್ಮೆ ಕೆಣಕಿದ್ದೆ.
"ಅಲ್ರೀ ಸರ್ರ... ಎರಡು ಪೂರಾ ಚಾ ತರಿಸಿದ್ರ ಇಬ್ರೂ ತಮ್ ತಮ್ ಗ್ಲಾಸ್ ನೋಡ್ತಾರ. ಒಂದರಾಗ ಎರಡು ಮಾಡಿದ್ರ, ಒಬ್ರದ್ದೊಬ್ರು ನೋಡ್ತಾರ."

ಅದು ನಿಜವಾದದ್ದನ್ನು ಕಣ್ಣಾರೆ ಕಂಡಿದ್ದೇನೆ.
ಕುರುಗೋಡಿನ ಗಂಡಿನ ತಂದೆ, ಸಿರುಗುಪ್ಪದ ಹೆಣ್ಣಿನ ತಂದೆ ಮದುವೆ ಬಟ್ಟೆಗೆ ಅಳತೆ ಕೊಡಲು ಬಂದಿದ್ದರು. ಮದುವೆ ಯಾರ ಊರಲ್ಲಿ ಎಂಬ ಜಗಳ ಹತ್ತಿ, ಮಾತು ನಿಶ್ಚಿತಾರ್ಥ ಮುರಿಯುವವರೆಗೆ ಹೋಗಿತ್ತು. ಭಾಯ್ ಸುಮ್ಮನೆ ಚಹಾ ಹಂಚಿದರು.
"ಅವರಿಗೆ ಒಂದ್ ಗುಟುಕು ಜಾಸ್ತಿ ಬಿತ್ತಲ್ರೀ!" ಎಂದರು ಕುರುಗೋಡಿನವರು.
"ಹೌದ್ರೀ. ಹೆಣ್ಣು ಕೊಡಾವ್ರು, ಗಂಟಲು ಜಾಸ್ತಿ ಒಣಗಿರ್ತೈತಿ."
ಸಿರುಗುಪ್ಪದವರು ಫಕ್ಕನೆ ನಕ್ಕು ತಮ್ಮ ಗ್ಲಾಸನ್ನೇ ಅತ್ತ ಸರಿಸಿದರು. "ತಗೊಳ್ರಿ ಬೀಗರ, ಇದನ್ನೂ ನೀವ ಕುಡೀರಿ. ಮದಿವಿ ಮಾತ್ರ ನಮ್ಮೂರಾಗ!"
ಇಬ್ಬರೂ ನಕ್ಕರು. ಮದುವೆ ಸಿರುಗುಪ್ಪದಲ್ಲೇ ಆಯಿತು.

ಚಹಾದಿಂದ ಆಯಾಸ ಹೋಗುತ್ತದೆ, ತಲೆನೋವು ಇಳಿಯುತ್ತದೆ ಎಂದು ಫಾರ್ವರ್ಡ್ ಮೆಸೇಜುಗಳಲ್ಲಿ ಓದುತ್ತೇವೆ. ಬಂದವರ ಜೊತೆ ಹಂಚಿಕೊಂಡ ಚಹಾದ ಉಪಯೋಗ ಬೇರೆ... ಹೇಳಬೇಕಾದ ಮಾತಿಗೆ ಅದು ಸ್ವಲ್ಪ ಹೊತ್ತು ಕೊಡುತ್ತದೆ.

ಆ ಹೊತ್ತನ್ನು ನಾನು ಹಾಳು ಮಾಡಿದೆ.

ಕಳೆದ ವರ್ಷ ನಮ್ಮ ಬೀದಿಯ ಫುಟ್‌ಪಾತ್ ತೆರವು ಮಾಡಿ ಎಂದು ಒಬ್ಬರು ಪಾಲಿಕೆಗೆ ಅರ್ಜಿ ಹಾಕಿದ್ದರು, ನೆನಪಿದೆಯೆ?
ಕೆಳಗೆ ಸಹಿ ಇರಲಿಲ್ಲ. "ನೊಂದ ನಾಗರಿಕ" ಎಂದಷ್ಟೇ ಇತ್ತು.
ಆ ನೊಂದ ನಾಗರಿಕ ನಾನು.
ಚರಂಡಿಯ ಮೇಲೆ ಜನರೇಟರ್ ಇಟ್ಟ, ಬೀದಿಗೆ ಬೋರ್ಡ್ ಚಾಚಿದ ದೊಡ್ಡ ಅಂಗಡಿಗಳ ಮೇಲಿನ ಸಿಟ್ಟಿನಲ್ಲಿ ಬರೆದಿದ್ದೆ. ಬಂದ ಪಾಲಿಕೆಯವರು ಅವುಗಳನ್ನು ಮುಟ್ಟಲಿಲ್ಲ.
ಎತ್ತಿಕೊಂಡು ಹೋದದ್ದು ಭಾಯ್ ಅವರ ಬೆಂಚನ್ನು...

ಎದುರಿನ ಸೈಕಲ್ ಶಾಪಿನ ತಿಮ್ಮಪ್ಪನೇ ಬರೆದದ್ದು ಎಂದು ಬೀದಿಯೆಲ್ಲ ಮಾತಾಡಿತು. ಕೆಲವರು ಅವನ ಅಂಗಡಿಗೆ ಹೋಗುವುದನ್ನೇ ಬಿಟ್ಟರು.
ನಾನು ಬಾಯಿ ಬಿಡಲಿಲ್ಲ. ನಾಚಿಕೆಗೆ ಟೈಲರ್ ಅಂಗಡಿಯ ಕಡೆ ಹೋಗುವುದನ್ನೂ ಬಿಟ್ಟೆ.

ಭಾಯ್...
ಕಳೆದ ತಿಂಗಳು ಫ್ಲಾಸ್ಕ್ ಹಿಡಿದು ನೀವೇ ನಮ್ಮ ಮನೆಗೆ ಬಂದಿರಿ.
"ನೀವ್ ಬರಲಿಲ್ಲ, ನಾನಾ ಬಂದೀನ್ರಿ. ಗ್ಲಾಸ್ ತರ್ರಿ" ಎಂದಿರಿ.
ಹಚ್ಚೊಳ್ಳಿಯ ಕಾಲುವೆಗೆ ನೀರು ಬಂದ ಸುದ್ದಿ ಹೇಳಿದಿರಿ. ಮೊಮ್ಮಗಳು ಹೊಲಿಗೆ ಕಲಿಯುತ್ತಿದ್ದಾಳೆ ಎಂದಿರಿ. ಬೆಂಚಿನ ಮಾತೇ ಎತ್ತಲಿಲ್ಲ.
ನಡುನಡುವೆ ಸುಮ್ಮನಾಗಿ ನನ್ನ ಮುಖ ನೋಡಿದಿರಿ...
ನಾನು ಬಡಬಡನೆ ಕುಡಿದು ಗ್ಲಾಸ್ ಕೆಳಗಿಟ್ಟೆ.
"ಸರಿ ಸರ್ರ, ಬರ್ತೀನಿ" ಎಂದು ಎದ್ದಿರಿ. ನಾನು ಗೇಟಿನವರೆಗೂ ಬರಲಿಲ್ಲ.

ಇವತ್ತು ಮಣ್ಣು ಕೊಟ್ಟ ಮೇಲೆ ಖಾಸಿಂನನ್ನು ಪಕ್ಕಕ್ಕೆ ಕರೆದು ಹೇಳಿದೆ... ಆ ಅರ್ಜಿ ನನ್ನದು ಎಂದು.
ಅವನು ಕೈಗೆ ಹತ್ತಿದ ಮಣ್ಣು ಒರೆಸಿಕೊಳ್ಳುತ್ತ ಹೇಳಿದ.
"ಗೊತ್ತೈತ್ರಿ ಸರ್ರ. ಬೆಂಚ್ ಒಯ್ಯಾಕ ಬಂದಾವ್ರು ಅರ್ಜಿ ತೋರ್ಸಿದ್ರು. ನಮ್ ರೇಷನ್ ಕಾರ್ಡಿಂದು, ಗ್ಯಾಸಿಂದು ಎಲ್ಲಾ ಬರಕೊಟ್ಟಾವ್ರು ನೀವ. ಆ ಅಕ್ಷರ ಅಪ್ಪಗ ಗೊತ್ತಾಗಂಗಿಲ್ಲೇನ್ರಿ?"
"ಮತ್ತೆ ಯಾಕೆ ಕೇಳಲಿಲ್ಲ?"
"ನಾನು ಕೇಳ್ತೀನಿ ಅಂದೆ. ಬೈದ. 'ಸುಮ್ಕಿರಲೇ... ಅವ್ರು ತಾವಾ ಹೇಳ್ತಾರ' ಅಂದ."

ತಾವೇ ಹೇಳುತ್ತಾರೆ...

ಬೆಂಚ್ ಹೋದ ಮರುದಿನದಿಂದ ಭಾಯ್ ದಿನಾ ತಿಮ್ಮಪ್ಪನನ್ನು ಕರೆದು, ಇಡೀ ಬೀದಿಗೆ ಕಾಣುವಂತೆ ನಿಂತು ಅವನ ಜೊತೆ ಚಹಾ ಹಂಚಿಕೊಳ್ಳುತ್ತಿದ್ದರು. ದೂರದಿಂದ ನೋಡಿದ್ದೆ; ಯಾಕೆಂದು ನನಗೆ ಅರ್ಥವಾದದ್ದು ಇವತ್ತು. ನನ್ನ ಹೆಸರು ಹೇಳದೆ ಅವನ ಮರ್ಯಾದೆ ಉಳಿಸಲು ಅವರಿಗೆ ಇದ್ದ ದಾರಿ ಅದೊಂದೇ.

ತಿಮ್ಮಪ್ಪ, ನೀನೂ ಇದನ್ನು ಓದುತ್ತೀಯ ಎಂದು ಗೊತ್ತು.
ನಾಳೆ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬರುತ್ತೇನೆ. ಅಕ್ಕಪಕ್ಕದವರೆಲ್ಲ ಕೇಳುವಂತೆ ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ನೀನು ನನ್ನನ್ನು ಕೂಡಿಸದಿದ್ದರೂ ಸರಿ... ನಿಂತೇ ಹೇಳುತ್ತೇನೆ.

ದಾದಾಪೀರ್ ಭಾಯ್, ನೀವಿದ್ದಾಗ ಹೇಳಲಿಲ್ಲ. ತಪ್ಪಾಯಿತು.
ದೇವರು ನಿಮ್ಮ ಜೀವವನ್ನು ತಣ್ಣಗಿಡಲಿ. ಮನೆಯವರಿಗೆ ತಡೆದುಕೊಳ್ಳುವ ಶಕ್ತಿ ಕೊಡಲಿ.
ನೆಮ್ಮದಿಯಿಂದ ಮಲಗಿ, ಭಾಯ್...